ಷೇರುಪೇಟೆ ಏರಿತು, ಪಹಲ್ಗಾಮ್ ಬರಿದಾಯಿತು: ಉಗ್ರರ ದಾಳಿಯ ನಷ್ಟ ಯಾರ ತಲೆ ಮೇಲೆ?

2025ರ ಏಪ್ರಿಲ್ 22ರಂದು ಪಹಲ್ಗಾಮ್ ಹತ್ತಿರದ ಬೈಸರನ್ ಹುಲ್ಲುಗಾವಲಿನಲ್ಲಿ ಉಗ್ರರು 26 ಜನರನ್ನು ಗುಂಡಿಟ್ಟು ಕೊಂದರು. ಸತ್ತವರಲ್ಲಿ ಶಿವಮೊಗ್ಗ ಮತ್ತು ಬೆಂಗಳೂರಿನಿಂದ ಹೋದವರೂ ಇದ್ದರು. ಮಾರನೇ ದಿನ ಇಡೀ ದೇಶ ದುಃಖದಲ್ಲಿತ್ತು. ಅದೇ ದಿನ ಮುಂಬೈ ಷೇರುಪೇಟೆಯ ಸೆನ್ಸೆಕ್ಸ್ 520 ಅಂಶ ಏರಿ, 80,000ದ ಮೇಲೆ ನಿಂತಿತು.

ಆ ವರ್ಷ ನವೆಂಬರ್ 10ರ ಸಂಜೆ ದೆಹಲಿಯ ಕೆಂಪುಕೋಟೆ ಹತ್ತಿರ ಕಾರು ಸ್ಫೋಟವಾಯಿತು. ಮಾರನೇ ದಿನವೂ ಸೆನ್ಸೆಕ್ಸ್ ಏರಿಕೆಯಲ್ಲೇ ಮುಗಿಯಿತು. 2008ರಲ್ಲೂ ಹೀಗೇ ಆಗಿತ್ತು. ಮುಂಬೈ ದಾಳಿಯ ಕಾರಣ ನವೆಂಬರ್ 27ರಂದು ಪೇಟೆ ಬಂದ್ ಇತ್ತು. 28ರಂದು ಬಾಗಿಲು ತೆರೆಯಿತು. ತಾಜ್ ಹೋಟೆಲಿನೊಳಗೆ ಇನ್ನೂ ಗುಂಡಿನ ಸದ್ದು ಕೇಳುತ್ತಿತ್ತು. ಅವತ್ತೂ ಸೆನ್ಸೆಕ್ಸ್ 66 ಅಂಶ ಮೇಲಕ್ಕೇ ಹೋಯಿತು.

ಇನ್ನೊಂದು ಕಡೆ ಬೇರೆಯದೇ ಸುದ್ದಿ. ಪಹಲ್ಗಾಮ್ ದಾಳಿಯಾದ ಒಂದು ವಾರದೊಳಗೆ ಜಮ್ಮು ಮತ್ತು ಕಾಶ್ಮೀರ ಸರ್ಕಾರ 87 ಪ್ರವಾಸಿ ತಾಣಗಳಲ್ಲಿ 48ನ್ನು ಮುಚ್ಚಿತು. ಬುಕಿಂಗ್‌ಗಳು ರಾಶಿ ರಾಶಿ ಕ್ಯಾನ್ಸಲ್ ಆದವು. ಟ್ಯಾಕ್ಸಿಗಳು ನಿಂತಲ್ಲೇ ನಿಂತವು.

ಓದುವವರಿಗೆ ಗೊಂದಲ ಆಗುವುದು ಇಲ್ಲೇ. ಉಗ್ರರ ದಾಳಿಯಿಂದ ವ್ಯಾಪಾರಕ್ಕೆ ಪೆಟ್ಟು ಬೀಳುತ್ತದೋ ಇಲ್ಲವೋ? ಎರಡು ಸುದ್ದಿಯೂ ನಿಜವಾಗಲು ಹೇಗೆ ಸಾಧ್ಯ? ಅರ್ಥಶಾಸ್ತ್ರಜ್ಞರು ಮತ್ತು ಮ್ಯಾನೇಜ್‌ಮೆಂಟ್ ಅಧ್ಯಾಪಕರು ಈ ಪ್ರಶ್ನೆ ಹಿಡಿದು ಮೂರು ದಶಕಕ್ಕೂ ಹೆಚ್ಚು ಕಾಲ ಕೆಲಸ ಮಾಡಿದ್ದಾರೆ. ಅವರು ಕಂಡುಕೊಂಡದ್ದನ್ನು ಒಂದೊಂದಾಗಿ ಬಿಡಿಸಿ ನೋಡಿದರೆ ಗೊಂದಲ ಬಹುಮಟ್ಟಿಗೆ ಕರಗುತ್ತದೆ.

ಸೆನ್ಸೆಕ್ಸ್ ಯಾರ ನಾಡಿ ಹಿಡಿದಿದೆ?

ಸೆನ್ಸೆಕ್ಸ್ ಅಂದರೆ 30 ದೊಡ್ಡ ಕಂಪನಿಗಳ ಷೇರು ಬೆಲೆಯ ಲೆಕ್ಕ. ಬ್ಯಾಂಕು, ಐಟಿ, ಪೆಟ್ರೋಲಿಯಂ, ಕಾರು, ಸೋಪು. ಇವುಗಳ ವ್ಯಾಪಾರ ದೇಶದ ತುಂಬ ಹರಡಿದೆ, ಎಷ್ಟೋ ಕಂಪನಿಗಳದು ಜಗತ್ತಿನ ತುಂಬ. ಬೆಂಗಳೂರಿನ ಐಟಿ ಕಂಪನಿಯ ಗಿರಾಕಿ ನ್ಯೂಯಾರ್ಕಿನಲ್ಲಿರುತ್ತಾನೆ. ಬೈಸರನ್‌ನಲ್ಲಿ ಏನಾದರೂ ಅವನ ಆರ್ಡರ್ ನಿಲ್ಲುವುದಿಲ್ಲ. 2025ರ ಏಪ್ರಿಲ್ 23ರಂದು ಸೂಚ್ಯಂಕವನ್ನು ಮೇಲೆತ್ತಿದ್ದು ಮುಖ್ಯವಾಗಿ ಐಟಿ ಷೇರುಗಳೇ.

ಇನ್ನೊಂದು ಸಂಗತಿ. ಷೇರು ಬೆಲೆ ಇವತ್ತಿನ ದುಃಖವನ್ನು ಅಳೆಯುವುದಿಲ್ಲ. ಮುಂದಿನ ಹತ್ತು, ಹದಿನೈದು ವರ್ಷ ಈ ಕಂಪನಿ ಎಷ್ಟು ಲಾಭ ಮಾಡೀತು ಅನ್ನುವ ಅಂದಾಜನ್ನು ಅಳೆಯುತ್ತದೆ. ಒಂದು ದಾಳಿ ಆ ಅಂದಾಜನ್ನು ಬದಲಿಸದಿದ್ದರೆ ಬೆಲೆಯೂ ಬದಲಾಗುವುದಿಲ್ಲ.

ಅಮೆರಿಕದಲ್ಲಿ 2001ರ ಸೆಪ್ಟೆಂಬರ್ 11ರ ದಾಳಿಯಲ್ಲಿ ಸುಮಾರು 3,000 ಜನ ಸತ್ತರು. ನ್ಯೂಯಾರ್ಕ್ ಷೇರುಪೇಟೆ ಆರು ದಿನ ತೆರೆಯಲಿಲ್ಲ. 17ರಂದು ತೆರೆದಾಗ ಡೌ ಜೋನ್ಸ್ ಸೂಚ್ಯಂಕ ಒಂದೇ ದಿನ 684 ಅಂಶ, ಅಂದರೆ ಶೇ 7ರಷ್ಟು ಬಿತ್ತು. ಆದರೆ ಸುಮಾರು ಎರಡು ತಿಂಗಳಲ್ಲಿ ಮತ್ತೆ ದಾಳಿಯ ಹಿಂದಿನ ಮಟ್ಟಕ್ಕೆ ಬಂತು. ಆಗ ಶಿಕಾಗೋ ವಿಶ್ವವಿದ್ಯಾಲಯದ ಗ್ಯಾರಿ ಬೆಕರ್ ಮತ್ತು ಕೆವಿನ್ ಮರ್ಫಿ ಒಂದು ಲೆಕ್ಕ ಕೊಟ್ಟರು. ದಾಳಿಯಲ್ಲಿ ನಾಶವಾದದ್ದು ಅಮೆರಿಕದ ಒಟ್ಟು ಉತ್ಪಾದಕ ಆಸ್ತಿಯಲ್ಲಿ ಶೇ 0.06 ಮಾತ್ರ. ದೇಶ ದೊಡ್ಡದು, ಅದರ ವ್ಯಾಪಾರ ನೂರು ಬಗೆಯದು, ಹಾಗಾಗಿ ಬೇಗ ಚೇತರಿಸಿಕೊಳ್ಳುತ್ತದೆ ಎಂಬುದು ಅವರ ವಾದ.

ಇದು ಮೊದಲ ಪಕ್ಷ, ಅಂದರೆ ದೇಶಕ್ಕೆ ದೊಡ್ಡ ಪೆಟ್ಟಿಲ್ಲ ಅನ್ನುವವರ ವಾದ. ಈ ಪಕ್ಷದವರ ಅಂಕಿಗಳಲ್ಲಿ ತಪ್ಪಿಲ್ಲ. ಅವರು ಕೇಳಿದ ಪ್ರಶ್ನೆ ಮಾತ್ರ ಇಡೀ ದೇಶದ ಸರಾಸರಿಯದು. ಸರಾಸರಿ ಹಿಡಿದು ನೋಡಿದರೆ ಪಹಲ್ಗಾಮ್ ಕಾಣುವುದೇ ಇಲ್ಲ.

ಬಾಸ್ಕ್ ನಾಡು: ಒಂದು ಪ್ರಾಂತ್ಯ ಮೂವತ್ತು ವರ್ಷದಲ್ಲಿ ಕಳೆದುಕೊಂಡದ್ದು

ಎರಡನೇ ಪಕ್ಷಕ್ಕೆ ಬುನಾದಿ ಹಾಕಿದ್ದು ಸ್ಪೇನ್ ದೇಶದ ಅಧ್ಯಯನ. ಸ್ಪೇನ್‌ನ ಉತ್ತರ ಅಂಚಿನಲ್ಲಿ ಬಾಸ್ಕ್ ಪ್ರಾಂತ್ಯ ಇದೆ. ಉಕ್ಕು, ಹಡಗು ಕಟ್ಟುವ ಕೆಲಸ, ಬ್ಯಾಂಕು ಎಲ್ಲ ಇದ್ದ ಶ್ರೀಮಂತ ನಾಡು. 1970ರ ದಶಕದ ಶುರುವಿನಲ್ಲಿ ತಲಾ ಆದಾಯದಲ್ಲಿ ಸ್ಪೇನ್‌ನ 17 ಪ್ರಾಂತ್ಯಗಳ ಪೈಕಿ ಮೂರನೇ ಸ್ಥಾನ ಅದರದ್ದು. 1990ರ ದಶಕದ ಕೊನೆಗೆ ಆರಕ್ಕೆ ಇಳಿದಿತ್ತು. ನಡುವಿನ ಅವಧಿಯಲ್ಲಿ ಎಟಾ ಎಂಬ ಪ್ರತ್ಯೇಕತಾವಾದಿ ಸಂಘಟನೆ ಬಾಂಬು, ಗುಂಡು, ಅಪಹರಣದ ದಾರಿ ಹಿಡಿದಿತ್ತು. ಒಟ್ಟು 800ಕ್ಕೂ ಜಾಸ್ತಿ ಜನರನ್ನು ಅದು ಕೊಂದಿತು. ವ್ಯಾಪಾರಿಗಳಿಗೆ, ಕಾರ್ಖಾನೆ ಮಾಲೀಕರಿಗೆ ಪತ್ರ ಬರೆದು ಹಣ ಕೀಳುತ್ತಿತ್ತು. ಅದಕ್ಕೆ ‘ಕ್ರಾಂತಿ ತೆರಿಗೆ’ ಎಂದು ಹೆಸರಿಟ್ಟಿತ್ತು. ಕೊಡದವರನ್ನು ಎತ್ತಿಕೊಂಡು ಹೋಗುವ ಭಯ ಇತ್ತು.

ಆದರೆ ಇಲ್ಲೊಂದು ತೊಡಕಿದೆ. ಬಾಸ್ಕ್ ಹಿಂದೆ ಬಿದ್ದದ್ದು ಎಟಾದಿಂದಲೇ ಅಂತ ಹೇಗೆ ಹೇಳುವುದು? ಅದೇ ಕಾಲಕ್ಕೆ ಯುರೋಪಿನಲ್ಲೆಲ್ಲ ಉಕ್ಕು ಮತ್ತು ಹಡಗು ಉದ್ಯಮ ಕುಸಿದಿತ್ತು. ಬಾಂಬು ಇಲ್ಲದಿದ್ದರೂ ಬಾಸ್ಕ್ ಹಿಂದೆ ಬೀಳುತ್ತಿತ್ತೋ ಏನೋ. ಬಾಂಬು ಬೀಳದ ಇನ್ನೊಂದು ಬಾಸ್ಕ್ ಇದ್ದಿದ್ದರೆ ಹೋಲಿಸಬಹುದಿತ್ತು. ಅಂಥದ್ದು ಇಲ್ಲವಲ್ಲ.

ಸ್ವತಃ ಬಾಸ್ಕ್ ನಾಡಿನವರೇ ಆದ ಆಲ್ಬರ್ಟೊ ಅಬಾಡಿ ಮತ್ತು ಬಾಸ್ಕ್ ವಿಶ್ವವಿದ್ಯಾಲಯದ ಹವಿಯರ್ ಗಾರ್ದೆಅಸಾಬಾಲ್ ಅಂಥದ್ದೊಂದನ್ನು ಲೆಕ್ಕದಲ್ಲೇ ಕಟ್ಟಿದರು. ಬೇರೆ ಪ್ರಾಂತ್ಯಗಳ ಅಂಕಿಗಳನ್ನು ತಕ್ಕ ಪ್ರಮಾಣದಲ್ಲಿ ಬೆರೆಸಿ, ಹಿಂಸೆ ಶುರುವಾಗುವ ಮುಂಚಿನ ಬಾಸ್ಕ್‌ಗೆ ಆದಷ್ಟೂ ಹೋಲುವ ಒಂದು ‘ಜೋಡಿ ಬಾಸ್ಕ್’ ತಯಾರಿಸಿದರು. ಹದ ಸಿಕ್ಕಿದ್ದು ಬಹುಪಾಲು ಕೆಟಲೋನಿಯಾ, ಸ್ವಲ್ಪ ಮ್ಯಾಡ್ರಿಡ್ ಸೇರಿಸಿದಾಗ. 1970ರ ದಶಕದವರೆಗೆ ಎರಡೂ ಗೆರೆಗಳು ಜೊತೆಜೊತೆಗೇ ಸಾಗುತ್ತವೆ. ಎಟಾ ದಾಳಿ ಜಾಸ್ತಿಯಾದಂತೆ ನಿಜವಾದ ಬಾಸ್ಕ್‌ನ ಗೆರೆ ಕೆಳಗೆ ಸರಿಯುತ್ತದೆ. ಎರಡರ ನಡುವಿನ ಅಂತರ, ತಲಾ ಆದಾಯದ ಲೆಕ್ಕದಲ್ಲಿ, ಸುಮಾರು ಶೇ 10.

ಇದೇ ಲೆಕ್ಕವನ್ನು ಅವರು ಕೆಟಲೋನಿಯಾದ ಮೇಲೂ ಮಾಡಿ ನೋಡಿದರು. ಅಲ್ಲಿ ಅಷ್ಟು ದೊಡ್ಡ ಹಿಂಸೆ ಇರಲಿಲ್ಲ, ಹಾಗಾಗಿ ಅಂತಹ ಅಂತರವೂ ಬರಬಾರದು. ಬರಲಿಲ್ಲ. ಆಮೇಲೆ ಷೇರುಪೇಟೆಗೆ ಬಂದರು. 1998ರ ಸೆಪ್ಟೆಂಬರ್‌ನಲ್ಲಿ ಎಟಾ ಕದನ ವಿರಾಮ ಸಾರಿತು, 1999ರ ಕೊನೆಗೆ ಮುರಿಯಿತು. ಶಾಂತಿಯ ಮೇಲೆ ಜನಕ್ಕೆ ನಂಬಿಕೆ ಮೂಡಿದಾಗ ಬಾಸ್ಕ್‌ನಲ್ಲಿ ಹೆಚ್ಚು ವ್ಯಾಪಾರ ಇದ್ದ ಕಂಪನಿಗಳ ಷೇರು ಉಳಿದವಕ್ಕಿಂತ ಚೆನ್ನಾಗಿ ಏರಿತು. ವಿರಾಮ ಮುರಿಯುವ ಹೊತ್ತಿಗೆ ಅದೇ ಷೇರುಗಳು ಉಳಿದವಕ್ಕಿಂತ ಕೆಳಗೆ ಬಿದ್ದವು.

2003ರಲ್ಲಿ ಈ ಅಧ್ಯಯನ ಪ್ರಕಟವಾದ ಮೇಲೆ ಈ ಕ್ಷೇತ್ರದ ದಿಕ್ಕೇ ಬದಲಾಯಿತು. ‘ಜೋಡಿ’ ಕಟ್ಟುವ ಆ ವಿಧಾನವನ್ನು ಈಗ ತಂಬಾಕು ಕಾನೂನಿನಿಂದ ಹಿಡಿದು ದೇಶಗಳ ವಿಲೀನದವರೆಗೆ ಎಲ್ಲೆಲ್ಲೋ ಬಳಸುತ್ತಾರೆ.

ಹಣಕ್ಕೆ ಕಾಲಿದೆ

ಶೇ 0.06 ಎಲ್ಲಿ, ಶೇ 10 ಎಲ್ಲಿ? ಎರಡೂ ಪಕ್ಷ ಸರಿಯಾಗಿರುವುದು ಹೇಗೆ?

ಉತ್ತರ ಇರುವುದು ಬಂಡವಾಳದ ಓಡಾಟದಲ್ಲಿ. ಅಬಾಡಿ ಮತ್ತು ಗಾರ್ದೆಅಸಾಬಾಲ್ ಅವರೇ 2008ರಲ್ಲಿ ಇದನ್ನು ಬಿಡಿಸಿ ತೋರಿಸಿದರು. ಬಾಂಬಿನಿಂದ ಒಡೆದ ಗೋಡೆ, ಸುಟ್ಟ ಯಂತ್ರದ ಬೆಲೆ ಚಿಕ್ಕದು. ಆದರೆ ಹಣ ಹೂಡುವವನ ಮುಂದೆ ಹತ್ತು ಊರುಗಳಿವೆ. ಒಂದು ಊರಿನಲ್ಲಿ ಅಪಾಯ ಸ್ವಲ್ಪ ಜಾಸ್ತಿ ಅನ್ನಿಸಿದರೂ ಸಾಕು, ಅವನು ಪಕ್ಕದ ಊರಿಗೆ ಹೋಗುತ್ತಾನೆ. ಅವನಿಗೇನೂ ದೊಡ್ಡ ನಷ್ಟವಿಲ್ಲ. ಜಗತ್ತಿನ ಒಟ್ಟು ಲೆಕ್ಕದಲ್ಲೂ ನಷ್ಟ ಕಾಣುವುದಿಲ್ಲ, ಕಾರ್ಖಾನೆ ಇಲ್ಲಿ ಬದಲು ಅಲ್ಲಿ ಬಂತು ಅಷ್ಟೇ. ಕಾರ್ಖಾನೆ ಬಾರದ ಊರಿಗೆ ಮಾತ್ರ ಪೂರ್ತಿ ನಷ್ಟ. ಹಲವು ದೇಶಗಳ ಅಂಕಿ ಹಿಡಿದು ಅವರು ಕಂಡದ್ದು ಇದು: ಉಗ್ರವಾದದ ಅಪಾಯ ಅಂಕಿಅಂಶದ ಭಾಷೆಯಲ್ಲಿ ಒಂದು ಹಂತ ಏರಿದರೆ, ಆ ದೇಶದಲ್ಲಿರುವ ನಿವ್ವಳ ವಿದೇಶಿ ಹೂಡಿಕೆ ಜಿಡಿಪಿಯ ಸುಮಾರು ಶೇ 5ರಷ್ಟು ಕಡಿಮೆಯಾಗುತ್ತದೆ.

ಅಂದರೆ ನಷ್ಟ ಆವಿಯಾಗಿ ಹೋಗಿಲ್ಲ. ಓಡಬಲ್ಲವರ ಹೆಗಲಿನಿಂದ ಇಳಿದು, ಓಡಲಾಗದವರ ಹೆಗಲೇರಿದೆ. ಮ್ಯೂಚುವಲ್ ಫಂಡ್‌ನ ಹಣ ಒಂದು ಬಟನ್ ಒತ್ತಿದರೆ ಬೇರೆ ಕಡೆ ಹೋಗುತ್ತದೆ. ದಾಲ್ ಸರೋವರದ ದೋಣಿಮನೆಯನ್ನು ಗೋವಾಕ್ಕೆ ಎಳೆದುಕೊಂಡು ಹೋಗಲು ಆಗುತ್ತದಾ? ಮೊದಲು ಹೇಳಿದ ಎರಡು ಸುದ್ದಿಗಳ ನಡುವಿನ ಕೊಂಡಿ ಇದೇ.

ದಾಳಿ ಕಂಪನಿಯ ಮೇಲೇ ಆದರೆ

ಇಡೀ ಪೇಟೆಯನ್ನು ಬಿಟ್ಟು, ನೇರವಾಗಿ ದಾಳಿಗೆ ತುತ್ತಾದ ಕಂಪನಿಗಳನ್ನೇ ನೋಡಿದರೆ ಚಿತ್ರ ಬೇರೆ. ಆ್ಯಂಡ್ರೂ ಕರೋಲಿ ಮತ್ತು ರೊಡೊಲ್ಫೊ ಮಾರ್ಟೆಲ್ 1995ರಿಂದ 2002ರವರೆಗೆ ಷೇರುಪೇಟೆಯಲ್ಲಿರುವ ಕಂಪನಿಗಳ ಮೇಲೆ ನಡೆದ 75 ದಾಳಿಗಳನ್ನು ಪರಿಶೀಲಿಸಿದರು. ದಾಳಿಯ ದಿನ ಷೇರು ಸರಾಸರಿ ಶೇ 0.83 ಬಿದ್ದಿತ್ತು. ಕೇಳಲು ಚಿಕ್ಕದು. ಆದರೆ ದೊಡ್ಡ ಕಂಪನಿಗಳಾದ್ದರಿಂದ ಒಂದು ದಾಳಿಗೆ ಸರಾಸರಿ 40 ಕೋಟಿ ಡಾಲರ್ ಮೌಲ್ಯ ಕರಗಿದ ಹಾಗಾಯಿತು.

ಅದರಲ್ಲೊಂದು ಸೂಕ್ಷ್ಮ ಇದೆ, ಗಮನಿಸಬೇಕು. ಕಟ್ಟಡ, ಪೈಪ್‌ಲೈನ್ ಒಡೆದಾಗ ಬಿದ್ದದ್ದಕ್ಕಿಂತ ಅಧಿಕಾರಿಗಳನ್ನು ಅಪಹರಿಸಿದಾಗ, ಜನರನ್ನು ಕಳೆದುಕೊಂಡಾಗ ಷೇರು ಜಾಸ್ತಿ ಬಿದ್ದಿತ್ತು. ಕಂಪನಿಯ ನಿಜವಾದ ಆಸ್ತಿ ಅದರ ಜನ ಎಂಬುದನ್ನು ಪೇಟೆಯೇ ಒಪ್ಪಿಕೊಂಡ ಹಾಗಿದೆ.

ಲಾಭ ಮಾಡಿಕೊಳ್ಳುವವರೂ ಇದ್ದಾರೆ. ಇಸ್ರೇಲ್‌ನ ಕಂಪನಿಗಳ ಮೇಲೆ ನಡೆದ ಅಧ್ಯಯನದಲ್ಲಿ ಉಗ್ರವಾದದಿಂದ ಸಾಮಾನ್ಯ ಕಂಪನಿಗಳ ಮೌಲ್ಯ ಸುಮಾರು ಶೇ 5 ಇಳಿದರೆ, ರಕ್ಷಣೆ ಮತ್ತು ಭದ್ರತೆಯ ಕಂಪನಿಗಳದು ಶೇ 7 ಏರಿತ್ತು. ಸೂಚ್ಯಂಕ ಒಂದೇ ಅಂಕಿಯಲ್ಲಿ ಇದನ್ನೆಲ್ಲ ಕಲಸಿಬಿಡುತ್ತದೆ.

ಭಯಕ್ಕೂ ಒಂದು ಲೆಕ್ಕ ಇದೆ

ವ್ಯಾಪಾರಕ್ಕೆ ಬೀಳುವ ಪೆಟ್ಟನ್ನು ಸಂಶೋಧಕರು ನೇರ, ಪರೋಕ್ಷ ಎಂದು ಎರಡಾಗಿ ನೋಡುತ್ತಾರೆ. ನೇರ ಪೆಟ್ಟು ದಾಳಿಯಾದ ಜಾಗದ್ದು. ಪರೋಕ್ಷ ಪೆಟ್ಟು ಅಂದರೆ ಗಿರಾಕಿ ಬಾರದಿರುವುದು, ಸರಕು ತಡವಾಗುವುದು, ಸರ್ಕಾರ ಹೊಸ ನಿಯಮ ತರುವುದು. ಮೈಕೆಲ್ ಝಿಂಕೋಟಾ, ಗ್ಯಾರಿ ನೈಟ್ ಮೊದಲಾದವರು ಒತ್ತಿ ಹೇಳುವುದು ಇದನ್ನೇ: ಬಹುಪಾಲು ಕಂಪನಿಗಳಿಗೆ ಬೀಳುವುದು ಪರೋಕ್ಷ ಪೆಟ್ಟು.

ಪಹಲ್ಗಾಮ್ ನಂತರ ನಡೆದದ್ದು ಇದಕ್ಕೆ ಒಳ್ಳೆಯ ಉದಾಹರಣೆ. ಏಪ್ರಿಲ್ 24ರಂದು ಪಾಕಿಸ್ತಾನ ತನ್ನ ಆಕಾಶವನ್ನು ಭಾರತದ ವಿಮಾನಗಳಿಗೆ ಮುಚ್ಚಿತು. ಅಮೆರಿಕ, ಯುರೋಪ್‌ಗೆ ಹೋಗುವ ವಿಮಾನಗಳು ಸುತ್ತು ಹಾಕಬೇಕಾಯಿತು. ಇಂಧನ ಜಾಸ್ತಿ, ಸಿಬ್ಬಂದಿಯ ಗಂಟೆ ಜಾಸ್ತಿ. ಇದು ವರ್ಷವಿಡೀ ನಡೆದರೆ ಸುಮಾರು 60 ಕೋಟಿ ಡಾಲರ್ ಹೊರೆ ಬೀಳುತ್ತದೆ ಎಂದು ಏರ್ ಇಂಡಿಯಾ ಸರ್ಕಾರಕ್ಕೆ ಪತ್ರ ಬರೆದದ್ದು ವರದಿಯಾಯಿತು. ಅದರ ಒಂದು ವಿಮಾನಕ್ಕೂ ಯಾರೂ ಗುಂಡು ಹಾರಿಸಿರಲಿಲ್ಲ.

ಇನ್ನು ಗಿರಾಕಿಯ ಭಯ. ಇದರ ಮೇಲೆ ಗ್ಯಾರಿ ಬೆಕರ್ ಮತ್ತು ಯೋನಾ ರೂಬಿನ್‌ಸ್ಟೈನ್ ಇಸ್ರೇಲ್‌ನ ಬಸ್ಸು ಮತ್ತು ಕೆಫೆಗಳನ್ನು ಹಿಡಿದು ಕೆಲಸ ಮಾಡಿದರು. ಬಸ್ಸಿನಲ್ಲಿ ಆತ್ಮಾಹುತಿ ದಾಳಿಯಾದಾಗ ಯಾವಾಗಲೋ ಒಮ್ಮೆ ಬಸ್ ಹತ್ತುವವರು ಹತ್ತುವುದನ್ನು ಬಿಟ್ಟರು. ದಿನಾ ಬಸ್ಸಿನಲ್ಲೇ ಓಡಾಡುವವರು ಮಾತ್ರ ಓಡಾಡುತ್ತಲೇ ಇದ್ದರು. ಕೆಫೆಯಲ್ಲೂ ಹೀಗೇ ಆಯಿತು. ಕಾರಣ ಸರಳ. ಭಯವನ್ನು ಹತೋಟಿಗೆ ತರಲು ಮನಸ್ಸು ಶ್ರಮ ಪಡಬೇಕು. ದಿನಾ ಬೇಕಾದ ವಸ್ತುವಿಗಾಗಿ ಆ ಶ್ರಮ ಪಡುತ್ತೇವೆ. ವರ್ಷಕ್ಕೊಮ್ಮೆ ಬೇಕಾದದ್ದಕ್ಕೆ ಯಾಕೆ ಬೇಕು ಅನ್ನಿಸುತ್ತದೆ.

2024ರ ಮಾರ್ಚ್ 1ರಂದು ಬೆಂಗಳೂರಿನ ಬ್ರೂಕ್‌ಫೀಲ್ಡ್‌ನ ರಾಮೇಶ್ವರಂ ಕೆಫೆಯಲ್ಲಿ ಬಾಂಬು ಸಿಡಿದದ್ದು ನೆನಪಿರಬಹುದು. ಹಲವರು ಗಾಯಗೊಂಡರು. ಮಾರ್ಚ್ 9ರಂದು ಕೆಫೆ ಮತ್ತೆ ತೆರೆಯಿತು, ಜನ ಮತ್ತೆ ದೋಸೆಗೆ ಸಾಲು ನಿಂತರು. ಅದರ ಗಿರಾಕಿ ಸುತ್ತಮುತ್ತಲೇ ಕೆಲಸ ಮಾಡುವವನು, ವಾರದಲ್ಲಿ ಮೂರು ಸಲ ತಿಂಡಿಗೆ ಬರುವವನು. ಕಾಶ್ಮೀರದ ಗಿರಾಕಿ ಹಾಗಲ್ಲ. ಜೀವನದಲ್ಲಿ ಒಮ್ಮೆ, ಜಾಸ್ತಿ ಅಂದರೆ ಎರಡು ಸಲ ಹೋಗುವವನು. ಅವನಿಗೆ ಊಟಿ, ಮುನ್ನಾರ್, ಶಿಮ್ಲಾ ಎಲ್ಲವೂ ಇವೆ. ಭಯ ಗೆಲ್ಲುವ ಕಷ್ಟವನ್ನು ಅವನು ಯಾಕೆ ತೆಗೆದುಕೊಳ್ಳಬೇಕು?

ಅದೇ ಪಹಲ್ಗಾಮ್ ದಾರಿಯಲ್ಲೂ ಹೋಗುವ ಅಮರನಾಥ ಯಾತ್ರಿಗಳನ್ನು ನೋಡಿ. 2024ರಲ್ಲಿ 5 ಲಕ್ಷ ದಾಟಿದ್ದ ಸಂಖ್ಯೆ 2025ರಲ್ಲಿ ಇಳಿಯಿತು, ಆದರೂ 4 ಲಕ್ಷ ದಾಟಿತು. ಮಳೆಯಿಂದ ಯಾತ್ರೆ ಬೇಗ ಮುಗಿಯದಿದ್ದರೆ ಇನ್ನಷ್ಟು ಆಗುತ್ತಿತ್ತೇನೋ. ಭದ್ರತೆ ಬಿಗಿಯಾಗಿತ್ತು ನಿಜ. ಆದರೆ ಭಕ್ತನಿಗೆ ಅಮರನಾಥಕ್ಕೆ ಬದಲಿ ಇಲ್ಲ ಅನ್ನುವುದೂ ನಿಜ.

ಭಯ ಎಷ್ಟು ಸೂಕ್ಷ್ಮವಾಗಿ ಕೆಲಸ ಮಾಡುತ್ತದೆ ಅನ್ನಲು ಶಿಕಾಗೋ ನಗರದ ಒಂದು ಅಧ್ಯಯನ ಸಾಕು. 2001ರ ದಾಳಿ ನಡೆದದ್ದು ನ್ಯೂಯಾರ್ಕ್ ಮತ್ತು ವಾಷಿಂಗ್ಟನ್ ಕಡೆ. ಶಿಕಾಗೋದಲ್ಲಿ ಒಂದು ಗಾಜೂ ಒಡೆಯಲಿಲ್ಲ. ಆದರೂ ಆ ನಗರದ ಅತಿ ಎತ್ತರದ ಮೂರು ಹೆಸರುವಾಸಿ ಕಟ್ಟಡಗಳಲ್ಲಿ, ಅವುಗಳ ಅಕ್ಕಪಕ್ಕದಲ್ಲಿ, ಖಾಲಿ ಆಫೀಸುಗಳ ಪ್ರಮಾಣ ಉಳಿದ ಕಡೆಗಿಂತ ಜಾಸ್ತಿ ಏರಿತು. ಬಾಡಿಗೆದಾರರು ಗಲಾಟೆ ಮಾಡದೆ ಜಾಗ ಬದಲಿಸಿದ್ದರು.

ಒಂದು ಬುಕಿಂಗ್ ಕ್ಯಾನ್ಸಲ್ ಆದರೆ

ಪ್ರವಾಸೋದ್ಯಮದ ಮೇಲಿನ ಸಂಶೋಧನೆ ಹಳೆಯದು. 1991ರಲ್ಲೇ ವಾಲ್ಟರ್ ಎಂಡರ್ಸ್ ಮತ್ತು ಟಾಡ್ ಸ್ಯಾಂಡ್ಲರ್ ಸ್ಪೇನ್‌ನ ಅಂಕಿಗಳನ್ನು ತಿಂಗಳು ತಿಂಗಳು ಜೋಡಿಸಿ, ಒಂದು ದಾಳಿ ಸರಾಸರಿ 1,40,000 ಪ್ರವಾಸಿಗರನ್ನು ದೂರ ಮಾಡುತ್ತದೆ ಎಂದು ತೋರಿಸಿದ್ದರು. ಅಲ್ಲಿ ಪೆಟ್ಟು ಪೂರ್ತಿ ಬಿದ್ದದ್ದು ಅವತ್ತೇ ಅಲ್ಲ. ಟಿಕೆಟ್ ತೆಗೆದವರಲ್ಲಿ ಹಲವರು ಬಂದರೂ, ಮುಂದಿನ ರಜೆಗೆ ಯೋಚಿಸುತ್ತಿದ್ದವರು ಬೇರೆ ಊರು ಆರಿಸುತ್ತಾರೆ.

ಶ್ರೀಲಂಕಾದಲ್ಲಿ 2019ರ ಏಪ್ರಿಲ್ 21ರ ಈಸ್ಟರ್ ದಿನ ಚರ್ಚು ಮತ್ತು ಹೋಟೆಲುಗಳಲ್ಲಿ ಬಾಂಬು ಸಿಡಿದವು. ಕರ್ನಾಟಕದಿಂದ ಪ್ರವಾಸಕ್ಕೆ ಹೋಗಿದ್ದವರೂ ಸತ್ತರು. ಮೇ ತಿಂಗಳಲ್ಲಿ ಆ ದೇಶಕ್ಕೆ ಬಂದ ಪ್ರವಾಸಿಗರು 37,802. ಹಿಂದಿನ ವರ್ಷದ ಮೇಗಿಂತ ಶೇ 70ಕ್ಕೂ ಜಾಸ್ತಿ ಇಳಿಕೆ. ಡಿಸೆಂಬರ್ ಹೊತ್ತಿಗೆ ಇಳಿಕೆ ಶೇ 5ರೊಳಗೆ ಬಂದಿತ್ತು. ಎಂಟು ತಿಂಗಳಲ್ಲಿ ದೇಶ ಬಹುಪಾಲು ಎದ್ದು ನಿಂತಿತ್ತು. ಆಗ ಕೋವಿಡ್ ಬಂತು, ಅದು ಬೇರೆ ಕಥೆ.

ಎಂಟು ತಿಂಗಳು ಅಂಕಿಯಲ್ಲಿ ಚಿಕ್ಕದು. ಪಹಲ್ಗಾಮ್‌ನ ಕುದುರೆಯವನ ಕಡೆಯಿಂದ ನೋಡಿ. ಬೈಸರನ್‌ಗೆ ವಾಹನ ಹೋಗುವ ರಸ್ತೆ ಇಲ್ಲ. ನಡೆದು ಹೋಗಬೇಕು, ಇಲ್ಲ ಕುದುರೆ ಹತ್ತಬೇಕು. ಆ ಕುದುರೆಯೇ ಅವನ ಅಂಗಡಿ. ಪ್ರವಾಸಿ ಬಂದರೂ ಬಾರದಿದ್ದರೂ ದಿನಾ ಮೇವು ಹಾಕಬೇಕು, ಲಾಳ ಕಟ್ಟಿಸಬೇಕು. ಅವನ ವರ್ಷದ ದುಡಿಮೆಯ ದೊಡ್ಡ ಪಾಲು ಏಪ್ರಿಲ್‌ನಿಂದ ಜೂನ್‌ವರೆಗಿನ ಸೀಸನ್‌ನಲ್ಲಿ. ದಾಳಿ ನಡೆದದ್ದು ಸೀಸನ್ನಿನ ಬಾಗಿಲಲ್ಲೇ. ಅವತ್ತು ಬೈಸರನ್‌ನಲ್ಲಿ ಸತ್ತ 26 ಜನರಲ್ಲಿ ಒಬ್ಬ ಸ್ಥಳೀಯ ಕುದುರೆಯವನೇ.

ಬೆಂಗಳೂರಿನಲ್ಲಿ ಒಂದು ಕುಟುಂಬ ಐದು ದಿನದ ಪ್ರವಾಸ ಕ್ಯಾನ್ಸಲ್ ಮಾಡಿತು ಅನ್ನಿ. ದೋಣಿಮನೆಯ ಎರಡು ರಾತ್ರಿ, ಟ್ಯಾಕ್ಸಿಯ ಐದು ದಿನ, ಶಿಕಾರಾ, ಕುದುರೆ, ಗುಲ್ಮಾರ್ಗ್‌ನಲ್ಲಿ ಬಾಡಿಗೆಗೆ ಕೊಡುವ ಬೂಟು, ಕೋಟು, ಕೊನೆಗೆ ಒಂದು ಶಾಲು, ಅರ್ಧ ಕೆಜಿ ಅಕ್ರೋಟು. ಎಂಟು ಹತ್ತು ಮನೆಗಳ ಆದಾಯ ಒಂದೇ ಫೋನಿನಲ್ಲಿ ಹೋಯಿತು. ಟ್ಯಾಕ್ಸಿಯವನಿಗೆ ಸಾಲದ ಕಂತು ಇರುತ್ತದೆ. ಅದು ತಿಂಗಳ ತಾರೀಖಿಗೆ ಸರಿಯಾಗಿ ಬರುತ್ತದೆ. ಎಂಟು ತಿಂಗಳ ಆಮೇಲೆ ಪ್ರವಾಸಿಗರು ವಾಪಸ್ ಬರುವ ಹೊತ್ತಿಗೆ ಗಾಡಿ ಅವನ ಹತ್ತಿರ ಇರುತ್ತದೋ ಇಲ್ಲವೋ. ಪ್ರವಾಸೋದ್ಯಮ ಚೇತರಿಸಿಕೊಂಡಿತು ಅನ್ನುವ ವರದಿ ನಿಜವೇ ಆಗಿರುತ್ತದೆ. ಚೇತರಿಸಿಕೊಂಡವರು ಅವರೇನಾ ಅನ್ನುವುದನ್ನು ಆ ವರದಿ ಹೇಳುವುದಿಲ್ಲ.

ಬೆಂಗಳೂರು ಕೊಡುತ್ತಿರುವ ಬೆಲೆ

ದಾಳಿಯಿಲ್ಲದ ದಿನವೂ ವ್ಯಾಪಾರ ಉಗ್ರವಾದಕ್ಕೆ ಬೆಲೆ ಕೊಡುತ್ತಲೇ ಇರುತ್ತದೆ. 2005ರ ಡಿಸೆಂಬರ್ 28ರಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಗುಂಡಿನ ದಾಳಿಯಾಗಿ ಒಬ್ಬ ನಿವೃತ್ತ ಪ್ರಾಧ್ಯಾಪಕರು ಸತ್ತರು. 2008ರ ಜುಲೈ 25ರಂದು ಸರಣಿ ಸ್ಫೋಟ ಆಯಿತು. ಮುಂಬೈ ದಾಳಿಯ ನಂತರ ಖಾಸಗಿ ಕಂಪನಿಗಳಿಗೂ ಕೇಂದ್ರೀಯ ಕೈಗಾರಿಕಾ ಭದ್ರತಾ ಪಡೆಯನ್ನು ಕೊಡಲು ಕಾನೂನು ತಿದ್ದಿದರು. 2009ರಲ್ಲಿ ಇನ್ಫೋಸಿಸ್ ಅದನ್ನು ಪಡೆಯಿತು, ಖರ್ಚು ಕಂಪನಿಯದ್ದೇ. ಈಗ ಟೆಕ್ ಪಾರ್ಕ್ ಆಗಲಿ, ಮಾಲ್ ಆಗಲಿ, ಕಾರಿನ ಡಿಕ್ಕಿ ತೆರೆದು ತೋರಿಸದೆ ಒಳಗೆ ಹೋಗುವಂತಿಲ್ಲ. ಗಾರ್ಡ್‌ಗಳ ಸಂಬಳ, ಸ್ಕ್ಯಾನರ್, ಕ್ಯಾಮೆರಾ, ಸಾಲಿನಲ್ಲಿ ಹೋಗುವ ಸಮಯ ಎಲ್ಲವೂ ಕೊನೆಗೆ ನಾವು ಕೊಳ್ಳುವ ವಸ್ತುವಿನ ಬೆಲೆಯಲ್ಲಿ ಸೇರಿರುತ್ತದೆ.

ದೊಡ್ಡ ಕಂಪನಿಗೆ ಈ ಖರ್ಚು ಹಗುರ. ಚಿಕ್ಕಪೇಟೆಯ ಅಂಗಡಿಯವನಿಗೆ ಇದನ್ನು ಮಾಡಲು ಆಗುವುದಿಲ್ಲ. ಭದ್ರತೆ ಇರುವ ಮಾಲ್‌ಗೆ ಗಿರಾಕಿ ಸರಿದರೆ ಅದೂ ನಷ್ಟವೇ.

ವಿದೇಶಿ ಸರ್ಕಾರಗಳ ಪ್ರಯಾಣ ಸಲಹೆಯ ಏಟು ಇನ್ನೊಂದು ಬಗೆಯದು. 2001ರ ಡಿಸೆಂಬರ್‌ನಲ್ಲಿ ಸಂಸತ್ತಿನ ಮೇಲೆ ದಾಳಿಯಾಯಿತು, ಗಡಿಯಲ್ಲಿ ಸೇನೆಗಳು ಎದುರುಬದುರು ನಿಂತವು. 2002ರ ಮೇ ಕೊನೆಯಲ್ಲಿ ಅಮೆರಿಕ ತನ್ನ ನಾಗರಿಕರಿಗೆ ಭಾರತ ಬಿಟ್ಟು ಬರುವಂತೆ ಹೇಳಿತು. ಗಡಿಯಿಂದ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಬೆಂಗಳೂರಿನ ಐಟಿ ಕಂಪನಿಗಳು ತಮ್ಮ ಅಮೆರಿಕದ ಗಿರಾಕಿಗಳಿಗೆ ಧೈರ್ಯ ಹೇಳುವ ಕೆಲಸಕ್ಕೆ ಕೂರಬೇಕಾಯಿತು. ಸಲಹೆ ಬರೆದವರು ಅವತ್ತು ಇಡೀ ದೇಶಕ್ಕೆ ಒಂದೇ ಬಣ್ಣ ಬಳಿದಿದ್ದರು.

ವಿಮೆ ಎಲ್ಲಿ ಕೈಬಿಡುತ್ತದೆ?

ಹಾಗಾದರೆ ವಿಮೆ ಮಾಡಿಸಬಹುದಲ್ಲವಾ? ಮಾಡಿಸಬಹುದು, ಆದರೆ ಒಳಗೊಂದು ಕಂದಕ ಇದೆ.

ಬೆಂಕಿ, ಅಪಘಾತಗಳಿಗೆ ಹಳೆಯ ಅಂಕಿ ಇಟ್ಟುಕೊಂಡು ವಿಮೆ ಕಂಪನಿ ಕಂತು ಲೆಕ್ಕ ಹಾಕುತ್ತದೆ. ಉಗ್ರರ ದಾಳಿ ಹಾಗಲ್ಲ. ಯಾವಾಗ, ಎಲ್ಲಿ ಎಂದು ಒಬ್ಬ ಮನುಷ್ಯ ತೀರ್ಮಾನಿಸುತ್ತಾನೆ, ಕಾವಲು ಕಡಿಮೆ ಇರುವ ಜಾಗವನ್ನೇ ಹುಡುಕುತ್ತಾನೆ. 2001ರ ನಂತರ ಜಗತ್ತಿನ ಮರುವಿಮೆ ಕಂಪನಿಗಳು, ಅಂದರೆ ವಿಮೆ ಕಂಪನಿಗಳಿಗೇ ವಿಮೆ ಕೊಡುವವು, ಈ ಅಪಾಯದಿಂದ ಹಿಂದೆ ಸರಿದವು. ಭಾರತದ ವಿಮೆ ಕಂಪನಿಗಳು 2002ರ ಏಪ್ರಿಲ್‌ನಲ್ಲಿ ಒಟ್ಟಾಗಿ ಒಂದು ನಿಧಿ ಕಟ್ಟಿದವು. ಸರ್ಕಾರಿ ಸ್ವಾಮ್ಯದ ಮರುವಿಮೆ ಕಂಪನಿ ಜಿಐಸಿ ಅದನ್ನು ನೋಡಿಕೊಳ್ಳುತ್ತದೆ. ಬ್ರಿಟನ್ 1993ರಲ್ಲೇ, ಲಂಡನ್ನಿನ ಹಣಕಾಸು ಕೇಂದ್ರದಲ್ಲಿ ಐರಿಷ್ ಉಗ್ರರ ಬಾಂಬು ಸಿಡಿದ ಮೇಲೆ, ‘ಪೂಲ್ ರೀ’ ಎಂಬ ಇಂಥದ್ದೇ ವ್ಯವಸ್ಥೆ ಮಾಡಿತ್ತು.

ಕಂದಕ ಎಲ್ಲಿದೆ ಅಂದರೆ, ಇಂಥ ವಿಮೆ ಸಾಮಾನ್ಯವಾಗಿ ಕಟ್ಟಡಕ್ಕೆ, ಸರಕಿಗೆ ಹಾನಿಯಾದರೆ ಹಣ ಕೊಡುತ್ತದೆ. ವ್ಯಾಪಾರ ನಿಂತ ನಷ್ಟವನ್ನು ಕೊಡುವುದೂ ಹಾನಿಯಾದ ಮೇಲೆಯೇ. ಗೋಡೆ ಗಟ್ಟಿಯಾಗಿದ್ದು ಗಿರಾಕಿ ಮಾತ್ರ ಬಾರದಿದ್ದರೆ? ಲಂಡನ್ನಿನ ಬರೋ ಮಾರ್ಕೆಟ್ ವ್ಯಾಪಾರಿಗಳಿಗೆ ಇದು 2017ರಲ್ಲಿ ಗೊತ್ತಾಯಿತು. ಜೂನ್ 3ರ ರಾತ್ರಿ ಉಗ್ರರು ಲಂಡನ್ ಸೇತುವೆ ಮೇಲೆ ಜನರ ಮೇಲೆ ವ್ಯಾನ್ ಹರಿಸಿ, ಪಕ್ಕದ ಮಾರುಕಟ್ಟೆಗೆ ನುಗ್ಗಿ ಚಾಕುವಿನಿಂದ ಇರಿದರು. ಪೊಲೀಸ್ ತನಿಖೆಗೆ ಮಾರುಕಟ್ಟೆ ಮುಚ್ಚಿತು, ತೆರೆದದ್ದು 14ರಂದು. ಅಲ್ಲಿಯವರೆಗೆ ಹಣ್ಣು, ಮೀನು, ಬ್ರೆಡ್ಡು ಕೊಳೆಯಿತು. ಕಟ್ಟಡಕ್ಕೆ ಹಾನಿ ಆಗಿರಲಿಲ್ಲ, ಹಾಗಾಗಿ ಬಹಳ ಮಂದಿಗೆ ವಿಮೆ ಹಣ ಸಿಗಲಿಲ್ಲ. ಅವರ ಕೂಗು ಸಂಸತ್ತಿಗೆ ಮುಟ್ಟಿತು. ಹಾನಿಯಿಲ್ಲದೆ ವ್ಯಾಪಾರ ನಿಂತರೂ ವಿಮೆ ಕೊಡಲು ದಾರಿಯಾಗುವಂತೆ 2019ರಲ್ಲಿ ಬ್ರಿಟನ್ ಕಾನೂನನ್ನು ತಿದ್ದಿತು.

ಕೆಂಪುಕೋಟೆ ಸ್ಫೋಟದ ನಂತರ ಪಕ್ಕದ ಚಾಂದನಿ ಚೌಕದ ಅಂಗಡಿಗಳದ್ದೂ ಇದೇ ಸ್ಥಿತಿಯಾಗಿತ್ತು. ಮದುವೆ ಸೀಸನ್, ಗಿರಾಕಿ ಇಲ್ಲ, ಅಂಗಡಿಯ ಗೋಡೆ ಮಾತ್ರ ಗಟ್ಟಿ.

ಸಂಶೋಧಕರು ಇನ್ನೂ ಜಗಳವಾಡುವುದು ಎಲ್ಲಿ?

ಮೊದಲನೆಯದು ಕಾರ್ಯ-ಕಾರಣದ ಜಗಳ. ಬಡತನದಿಂದ ಉಗ್ರವಾದ ಹುಟ್ಟಿತೋ, ಉಗ್ರವಾದದಿಂದ ಬಡತನ ಬಂತೋ? ಅಬೆಲ್ ಬ್ರೋಡರ್ ಎಂಬ ಅರ್ಥಶಾಸ್ತ್ರಜ್ಞ ಇದಕ್ಕೊಂದು ಜಾಣ ದಾರಿ ಹುಡುಕಿದರು. ಅಮೆರಿಕದಲ್ಲಿ 1970ರಿಂದ ನಡೆದ ದಾಳಿಗಳಲ್ಲಿ ಬಾಂಬು ಸಿಡಿದದ್ದನ್ನೂ ಟುಸ್ಸೆಂದದ್ದನ್ನೂ ಹೋಲಿಸಿದರು. ಎರಡೂ ಕಡೆ ಉಗ್ರರು ಆರಿಸಿದ ಊರುಗಳೇ, ವ್ಯತ್ಯಾಸ ಬರೀ ಅದೃಷ್ಟದ್ದು. ಬಾಂಬು ಸಿಡಿದ ಊರಿನಲ್ಲಿ ಕೆಲಸಗಳು ಕಡಿಮೆಯಾದವು, ಪಕ್ಕದ ಊರುಗಳಿಗೆ ಅಷ್ಟು ಪೆಟ್ಟು ಬೀಳಲಿಲ್ಲ. ನಷ್ಟ ಎಷ್ಟು ಇಕ್ಕಟ್ಟಾದ ಜಾಗದಲ್ಲಿ ಬೀಳುತ್ತದೆ ಅನ್ನುವುದಕ್ಕೆ ಇದು ಇನ್ನೊಂದು ಸಾಕ್ಷಿ.

ಎರಡನೆಯ ಜಗಳ ಹೆಚ್ಚು ಮುಖ್ಯವಾದದ್ದು. ಒಂದು ದಾಳಿಗೂ ಮತ್ತೆ ಮತ್ತೆ ಆಗುವ ದಾಳಿಗೂ ವ್ಯತ್ಯಾಸ ಏನು? ಒಮ್ಮೆ ಆಗಿ ನಿಂತರೆ ಪ್ರವಾಸಿಗರು ಮರಳುತ್ತಾರೆ. ಮುಂಬೈಯಲ್ಲಿ ತಾಜ್ ಹೋಟೆಲಿನ ಟವರ್ ಭಾಗ 2008ರ ಡಿಸೆಂಬರ್ 21ಕ್ಕೇ ತೆರೆಯಿತು, ಹಳೆಯ ಅರಮನೆ ಭಾಗ 2010ರ ಆಗಸ್ಟ್ 15ಕ್ಕೆ. ಆದರೆ ‘ಇದು ಮತ್ತೆ ಆಗುತ್ತದೆ’ ಎಂಬ ಅನಿಸಿಕೆ ಬೇರೂರಿದರೆ ಬಾಸ್ಕ್‌ನ ಹಾಗೆ ದಶಕಗಳ ನಷ್ಟ. ವ್ಯಾಪಾರಿ ಲೆಕ್ಕ ಹಾಕುವುದು ನಡೆದುಹೋದ ದಾಳಿಯನ್ನಲ್ಲ, ಮುಂದಿನದನ್ನು.

ಕಾಶ್ಮೀರದ ಮುಂದೆ ಏನಿದೆ?

ಸರ್ಕಾರ ಸುಮ್ಮನೆ ಕೂತಿಲ್ಲ. 2025ರ ಮೇ 27ರಂದು ಮುಖ್ಯಮಂತ್ರಿ ಒಮರ್ ಅಬ್ದುಲ್ಲಾ ಸಂಪುಟ ಸಭೆಯನ್ನೇ ಪಹಲ್ಗಾಮ್‌ನಲ್ಲಿ ನಡೆಸಿದರು. ಮುಚ್ಚಿದ್ದ ತಾಣಗಳು ಜೂನ್‌ನಲ್ಲಿ ಹಂತಹಂತವಾಗಿ ತೆರೆಯತೊಡಗಿದವು. ಜೂನ್ 6ರಂದು ಕಣಿವೆಗೆ ವಂದೇ ಭಾರತ್ ರೈಲು ಬಂತು.

ಇಲ್ಲಿ ಎರಡು ಅಭಿಪ್ರಾಯಗಳಿವೆ. ಬೇಗ ತೆರೆಯಿರಿ, ಮುಚ್ಚಿದಷ್ಟೂ ಭಯ ಬೆಳೆಯುತ್ತದೆ ಎಂದು ವ್ಯಾಪಾರಿಗಳು ಹೇಳುತ್ತಾರೆ. ಇನ್ನೊಂದು ದಾಳಿಯಾದರೆ ಎಲ್ಲವೂ ಹೋಗುತ್ತದೆ, ಕಾವಲು ಗಟ್ಟಿ ಮಾಡಿಯೇ ತೆರೆಯಬೇಕು ಎಂದು ಭದ್ರತೆಯವರು ಹೇಳುತ್ತಾರೆ. ಮೇಲಿನ ಸಂಶೋಧನೆ ನೋಡಿದರೆ ಭದ್ರತೆಯವರ ಮಾತಿನಲ್ಲಿ ಹುರುಳು ಜಾಸ್ತಿ. ಎರಡನೇ ದಾಳಿಯ ಬೆಲೆ ಮೊದಲನೆಯದಕ್ಕಿಂತ ದೊಡ್ಡದಾಗಬಹುದು. ಆದರೆ ಹಾಗೆ ಕಾಯುವ ದಿನಗಳ ಖರ್ಚನ್ನು ಕುದುರೆಯವನೇ ಹೊರಬೇಕು ಅನ್ನುವುದು ನ್ಯಾಯವಲ್ಲ. ದೇಶದ ಭದ್ರತೆಗಾಗಿ ಹುಲ್ಲುಗಾವಲು ಮುಚ್ಚಿದ್ದರೆ, ಮುಚ್ಚಿದಷ್ಟು ದಿನದ ಸಾಲದ ಕಂತನ್ನು ಮುಂದೂಡುವುದು, ಬಡ್ಡಿ ಮನ್ನಾ ಮಾಡುವುದು, ಮೇವಿಗಾದರೂ ನೇರ ಹಣ ಕೊಡುವುದು ದಾನ ಅಲ್ಲ. ಹಾನಿಯಿಲ್ಲದ ನಷ್ಟಕ್ಕೂ ವಿಮೆ ಸಿಗುವಂತೆ 2002ರ ಆ ನಿಧಿಯ ನಿಯಮ ತಿದ್ದಲೂಬಹುದು. ಬ್ರಿಟನ್ನಿನಲ್ಲಿ ಆ ತಿದ್ದುಪಡಿ ಬಂದದ್ದು ಬರೋ ಮಾರ್ಕೆಟ್ ದಾಳಿಯಾದ ಎರಡು ವರ್ಷಕ್ಕೆ.

ಎಟಾ ಸಶಸ್ತ್ರ ಹೋರಾಟವನ್ನು ಕೊನೆಗೊಳಿಸುವುದಾಗಿ ಸಾರಿದ್ದು 2011ರ ಅಕ್ಟೋಬರ್‌ನಲ್ಲಿ. ಅದಕ್ಕೂ ಮುಂಚೆ, 1997ರಲ್ಲಿ, ಬಾಸ್ಕ್‌ನ ಬಿಲ್ಬಾವೊ ನಗರದಲ್ಲಿ ಗುಗೆನ್‌ಹೈಮ್ ವಸ್ತುಸಂಗ್ರಹಾಲಯ ತೆರೆಯುವ ಕೆಲವೇ ದಿನ ಮೊದಲು ಎಟಾದವರು ಹೂಕುಂಡಗಳಲ್ಲಿ ಸ್ಫೋಟಕ ಬಚ್ಚಿಟ್ಟು ತಂದಿದ್ದರು. ಅನುಮಾನ ಬಂದು ತಡೆದ ಪೊಲೀಸನನ್ನು ಗುಂಡಿಟ್ಟು ಕೊಂದರು. ಆದರೂ ಸಂಗ್ರಹಾಲಯ ಹೇಳಿದ ದಿನಕ್ಕೆ ತೆರೆಯಿತು. ಅದನ್ನು ನೋಡಲೆಂದೇ ಇವತ್ತಿಗೂ ಜಗತ್ತಿನ ಎಲ್ಲ ಕಡೆಯಿಂದ ಜನ ಬಿಲ್ಬಾವೊಗೆ ಬರುತ್ತಾರೆ. ಕಟ್ಟಡದ ಮುಂದಿನ ಚೌಕಕ್ಕೆ ಆ ಪೊಲೀಸನ ಹೆಸರಿಟ್ಟಿದ್ದಾರೆ.